ಫೋರ್ಕಿನ ಸ್ಟೀಯರರ್ 12 ಮಿ.ಮೀ. ಗಿಡ್ಡ: ನಾನು ಸರಿಪಡಿಸಿದ ರೀತಿ

ಸೈಕಲ್ಲಿಗೆ ಸೆಕೆಂಡ್ ಹ್ಯಾಂಡ್ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಕವಲು) ಕೊಂಡವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಮೊದಲಿನವರು ತಮ್ಮ ಫ್ರೇಮಿಗೆ ತಕ್ಕಂತೆ ಸ್ಟೀಯರರ್ ಟ್ಯೂಬನ್ನು (ಫೋರ್ಕಿನಿಂದ ಹ್ಯಾಂಡಲ್ ಕಡೆಗೆ ಏರುವ ಕೊಳವೆ) ಕತ್ತರಿಸಿರುತ್ತಾರೆ, ನಮ್ಮ ಫ್ರೇಮಿನ ಹೆಡ್ ಟ್ಯೂಬ್ (ಸ್ಟೀಯರರ್ ಹಾಯುವ ಮುಂಭಾಗದ ಕೊಳವೆ) ಅವರದಕ್ಕಿಂತ ಉದ್ದ ಇರುತ್ತದೆ. ನಾನು ಸರಿಪಡಿಸಿದ್ದು ಥ್ರೆಡ್ ಇಲ್ಲದ, 28.6 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಸ್ಟೀಯರರ್. ಫ್ರೇಮಿನದು ಒಳಗೇ ಬೇರಿಂಗ್ ಕೂರುವ ಇಂಟಿಗ್ರೇಟೆಡ್ ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಬೇಕಾದ ಬೇರಿಂಗ್ ಜೋಡಣೆ).

ಮೊದಲು ಲೆಕ್ಕ. ಹೆಡ್ ಟ್ಯೂಬ್ 140 ಮಿ.ಮೀ., ಕೆಳಗಿನ ರೇಸ್‌ನಿಂದ (ಬೇರಿಂಗ್ ಕೂರುವ ಬಳೆ) 2, ಮೇಲಿನ ಹೆಡ್‌ಸೆಟ್ ಕವರ್ 15, ಸ್ಟೆಮ್ (ಹ್ಯಾಂಡಲನ್ನು ಸ್ಟೀಯರರಿಗೆ ಜೋಡಿಸುವ ತುಂಡು) ಸ್ಟೀಯರರನ್ನು ಹಿಡಿಯುವ ಭಾಗ 40. ಒಟ್ಟು 197. ಸ್ಟೆಮ್ ಮೇಲಿನ ಮುಚ್ಚಳವಾದ ಟಾಪ್ ಕ್ಯಾಪ್ ಒತ್ತಿ ಕೂರಬೇಕಾದರೆ ಸ್ಟೀಯರರಿನ ತುದಿ ಸ್ಟೆಮ್‌ನ ಅಂಚಿಗಿಂತ 3 ಮಿ.ಮೀ. ಕೆಳಗಿರಬೇಕು, ಹಾಗಾಗಿ ಬೇಕಾದದ್ದು 194. ಕೈಯಲ್ಲಿದ್ದದ್ದು 182. ಒಂದು ಸ್ಪೇಸರ್ (ಸ್ಟೆಮ್ ಕೆಳಗೆ ಹಾಕುವ ಬಳೆ) ಕೂಡ ಇಲ್ಲದೆ ಜೋಡಿಸಿದರೂ ಸ್ಟೆಮ್‌ನೊಳಗೆ ಮೇಲಿನ 15 ಮಿ.ಮೀ. ಬರೀ ಖಾಲಿ.

ಇಲ್ಲಿಯೇ ತುಂಬ ಜನ ಮೋಸಹೋಗುವುದು. ಟಾಪ್ ಕ್ಯಾಪಿನ ಬೋಲ್ಟ್ ಸ್ಟೀಯರರಿನೊಳಗೆ ಹೊಡೆದಿರುವ ಸ್ಟಾರ್ ನಟ್‌ಗೆ ಸಿಕ್ಕರೆ ಸಾಕು, ಬಿಗಿದಾಗ ಸ್ಟೆಮ್ ಕೆಳಕ್ಕೆ ಒತ್ತಿ ಬೇರಿಂಗ್ ಸರಿಯಾಗಿಯೇ ಹೊಂದಿಕೊಳ್ಳುತ್ತದೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ ಎಲ್ಲೂ ಅಲ್ಲಾಟ ಇರುವುದಿಲ್ಲ. ಆದರೆ ಆ ಪರೀಕ್ಷೆ ಹೇಳುವುದು ಬೇರಿಂಗ್ ಬಗ್ಗೆ ಮಾತ್ರ. ಸ್ಟೆಮ್ ಎಷ್ಟು ಭದ್ರವಾಗಿ ಹಿಡಿದಿದೆ ಎನ್ನುವುದನ್ನು ಅದು ತಿಳಿಸುವುದಿಲ್ಲ. ಸ್ಟೆಮ್‌ನ ಹಿಂಬದಿಯ ಎರಡು ಬೋಲ್ಟ್‌ಗಳಲ್ಲಿ ಮೇಲಿನದು ಸಾಮಾನ್ಯವಾಗಿ ಅಂಚಿನಿಂದ ಸುಮಾರು 10 ಮಿ.ಮೀ. ಕೆಳಗಿರುತ್ತದೆ. 15 ಮಿ.ಮೀ. ಖಾಲಿ ಎಂದರೆ ಆ ಬೋಲ್ಟ್ ಎದುರಿಗೆ ಟ್ಯೂಬೇ ಇಲ್ಲ. ಬಿಗಿದಷ್ಟೂ ಸ್ಟೆಮ್‌ನ ಬಾಯಿ ಒಳಕ್ಕೆ ಬಾಗುತ್ತದೆ, ಕ್ಲ್ಯಾಂಪಿನ ಒಳಮೈ ಸ್ಟೀಯರರಿನ ಕತ್ತರಿಸಿದ ಅಂಚಿನ ಮೇಲೆ ಒತ್ತುತ್ತದೆ, ಭಾರವೆಲ್ಲ ಕೆಳಗಿನ ಒಂದೇ ಬೋಲ್ಟಿಗೆ ಬೀಳುತ್ತದೆ. ಅಲ್ಯೂಮಿನಿಯಂನಲ್ಲಿ ಕಿರ್ ಕಿರ್ ಸದ್ದು, ಹ್ಯಾಂಡಲ್ ತಿರುಚಿಕೊಳ್ಳುವುದು ಶುರುವಾಗುತ್ತದೆ. ಕಾರ್ಬನ್ ಸ್ಟೀಯರರ್ ಆದರೆ ಅಂಚು ಜಜ್ಜಿಹೋಗಿ ಸವಾರಿಯ ಮಧ್ಯೆಯೇ ಮುರಿಯಬಹುದು.

ಹೊಸ ಭಾಗ ಕೊಳ್ಳುವ ಮೊದಲು ಬಿಟ್ಟಿಯಾಗಿ ಸಿಗುವ ಜಾಗವನ್ನು ಹುಡುಕಬೇಕು. ಫೋರ್ಕ್ ಕ್ರೌನ್ (ಸ್ಟೀಯರರಿನ ಬುಡ) ಮೇಲಿನ ರೇಸ್ ಪೂರ್ತಿ ಕೂತಿದೆಯೇ? ಕ್ರೌನ್ ಮತ್ತು ರೇಸ್ ನಡುವೆ ಸುತ್ತಲೂ ಬೆಳಕು ಹಾಯಬಾರದು. ಕಪ್ ಒತ್ತಿ ಕೂರಿಸುವ ಹೆಡ್‌ಸೆಟ್ ಆದರೆ ಕಪ್ಪಿನ ಅಂಚು ಫ್ರೇಮಿಗೆ ತಾಗಿರಬೇಕು. ಇವೆರಡರಲ್ಲೇ ಒಂದೆರಡು ಮಿ.ಮೀ. ಕಳೆದುಹೋಗಿರುವುದುಂಟು. ನನ್ನದರಲ್ಲಿ ಎರಡೂ ಸರಿಯಾಗಿದ್ದವು.

ದೊಡ್ಡ ಉಳಿತಾಯ ಬಂದದ್ದು ಮೇಲಿನ ಕವರಿನಿಂದ. 15 ಮಿ.ಮೀ. ಎತ್ತರದ ಶಂಕುವಿನಾಕಾರದ ಕವರ್ ಬರೀ ಮುಚ್ಚಳ, ಒಳಗಿನ ಕೆಲಸಕ್ಕೆ ಅಷ್ಟೆತ್ತರ ಬೇಕಿಲ್ಲ, 5 ಮಿ.ಮೀ.ನದೂ ಸಿಗುತ್ತದೆ. ಕೊಳ್ಳುವಾಗ ಬೇರಿಂಗ್ ಮೇಲೆ ಕೆತ್ತಿರುವ ಸಂಖ್ಯೆ ಓದಬೇಕು: 36x45 ಎಂದಿದೆಯೋ 45x45 ಎಂದಿದೆಯೋ. ಇದು ಬೇರಿಂಗ್ ಅಂಚುಗಳ ಇಳಿಜಾರಿನ ಕೋನ. ಕವರ್ ಕೆಳಗೆ ಕೂರುವ ಸೀಳಿದ ಕಂಪ್ರೆಷನ್ ರಿಂಗ್ ಬೇರಿಂಗಿನ ಒಳ ಅಂಚಿಗೆ ಹೊಂದದಿದ್ದರೆ ಒಂದು ಗೆರೆಯ ಮೇಲೆ ಮಾತ್ರ ತಾಗಿ, ಎಷ್ಟು ಬಿಗಿದರೂ ಮತ್ತೆ ಮತ್ತೆ ಸಡಿಲವಾಗುತ್ತದೆ. ಕವರ್ ಬದಲಾದರೂ ಹಳೆಯ ರಿಂಗ್ ಹೊಂದುವಂತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಬಿಗಿದ ಮೇಲೆ ಕವರ್ ಫ್ರೇಮಿಗೆ ಉಜ್ಜಿದರೆ, ಬೇರಿಂಗ್ ಮತ್ತು ಕವರ್ ನಡುವೆ 0.25 ಮಿ.ಮೀ. ಶಿಮ್ (ತೆಳು ಬಳೆ) ಒಂದನ್ನು ಹಾಕಿದರೆ ಸಾಕು.

ಅಲ್ಲಿಗೆ 10 ಮಿ.ಮೀ. ಸಿಕ್ಕಿತು. ಉಳಿದ 2 ಮಿ.ಮೀ. ಸ್ಟೆಮ್‌ನಿಂದ. ಎಲ್ಲ ಸ್ಟೆಮ್‌ಗಳ ಹಿಡಿತದ ಎತ್ತರ ಒಂದೇ ಅಲ್ಲ, ಪೆಟ್ಟಿಗೆಯ ಮೇಲೆ ಅದನ್ನು ಬರೆಯುವುದೂ ಅಪರೂಪ. ಅಂಗಡಿಗೆ ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹೋಗಿ ಅಳೆದೇ ಕೊಳ್ಳಬೇಕು. 38 ಮಿ.ಮೀ.ನದು ಸಿಕ್ಕಿತು: 140+2+5+38, ಅದರಲ್ಲಿ 3 ಕಳೆದರೆ 182. ಸರಿಹೊಂದಿತು.

ಹ್ಯಾಂಡಲ್ ಈಗ ತಗ್ಗಿತು. ಹೆಡ್ ಟ್ಯೂಬಿನ ಕೋನ 73 ಡಿಗ್ರಿ ಇರುವಾಗ ಸ್ಟೆಮ್‌ನ ನಡುಭಾಗ 11 ಮಿ.ಮೀ. (ಕವರಿನಿಂದ 10, ಸ್ಟೆಮ್ ಎತ್ತರದ ವ್ಯತ್ಯಾಸದ ಅರ್ಧ 1) ಕೆಳಗೆ ಜಾರಿದರೆ ಹ್ಯಾಂಡಲ್ ಸುಮಾರು 10.5 ಮಿ.ಮೀ. ಇಳಿದು 3 ಮಿ.ಮೀ. ಮುಂದೆ ಹೋಗುತ್ತದೆ. 100 ಮಿ.ಮೀ. ಉದ್ದದ, 6 ಡಿಗ್ರಿಯ ಸ್ಟೆಮ್ ಕೆಳಮುಖವಾಗಿದ್ದರೆ ತಿರುಗಿಸಿ ಮೇಲ್ಮುಖವಾಗಿ ಹಾಕಿ. ಹ್ಯಾಂಡಲ್ ಸುಮಾರು 20 ಮಿ.ಮೀ. ಏರಿ 6 ಮಿ.ಮೀ. ಹತ್ತಿರ ಬರುತ್ತದೆ. ಅದೂ ಸಾಲದವರು 17 ಡಿಗ್ರಿಯ ಸ್ಟೆಮ್ ನೋಡಬಹುದು, ಇನ್ನೂ 17 ಮಿ.ಮೀ. ಸಿಗುತ್ತದೆ. ನೇರ ಹ್ಯಾಂಡಲ್ ಇರುವ ಸೈಕಲ್ಲಿಗೆ ಎರಡೂ ಬದಿ ಮೇಲಕ್ಕೇರಿರುವ ರೈಸರ್ ಹ್ಯಾಂಡಲ್ ಹಾಕುವುದು ಎಲ್ಲಕ್ಕಿಂತ ಸುಲಭ.

ಹ್ಯಾಂಡಲ್ ಎತ್ತರಿಸಲು ಸ್ಟೀಯರರ್ ಎಕ್ಸ್‌ಟೆಂಡರ್ ಎಂಬ ವಸ್ತು ಮಾರುತ್ತಾರೆ. ಗಿಡ್ಡ ಸ್ಟೀಯರರಿಗೆ ಅದು ಔಷಧವಲ್ಲ. ಎಕ್ಸ್‌ಟೆಂಡರಿನ ಕೆಳಭಾಗಕ್ಕೂ ಸ್ಟೆಮ್‌ನಷ್ಟೇ ಹಿಡಿತ ಬೇಕು, ಆ ಉದ್ದವೇ ಇಲ್ಲದಿರುವುದು ನಮ್ಮ ಸಮಸ್ಯೆ. ಪೀಣ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ತುಂಡು ಟ್ಯೂಬ್ ಮಾಡಿಸಿ ಬೆಸುಗೆ ಹಾಕಿಸೋಣ ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಶಾಖ ಸಂಸ್ಕರಣೆಯಿಂದ ಬಂದ ಅಲ್ಯೂಮಿನಿಯಂನ ಗಟ್ಟಿತನ ಬೆಸುಗೆಯ ಪಕ್ಕದಲ್ಲೇ ಹೋಗಿಬಿಡುತ್ತದೆ, ಮತ್ತು ಆ ಜಾಗ ಬರುವುದು ಸ್ಟೆಮ್ ಹಿಡಿಯುವ ಭಾಗದಲ್ಲೇ. ಉಕ್ಕಿನ ಫೋರ್ಕ್ ಆದರೆ ಬ್ರೇಜಿಂಗ್ (ಬೇರೆ ಲೋಹ ಕರಗಿಸಿ ಬೆಸೆಯುವುದು) ಬಲ್ಲ ಫ್ರೇಮ್ ತಯಾರಕರು ಇಡೀ ಸ್ಟೀಯರರನ್ನೇ ಬದಲಿಸಬಲ್ಲರು. ಸಸ್ಪೆನ್ಷನ್ ಫೋರ್ಕಿನಲ್ಲಿ ಕ್ರೌನ್, ಸ್ಟೀಯರರ್, ಮೇಲಿನ ಕೊಳವೆಗಳು ಒಂದೇ ಜೋಡಣೆಯಾಗಿ ಬರುತ್ತವೆ. ಆ ಜೋಡಣೆಯ ಬೆಲೆ ಕೇಳಿದ ಮೇಲೆ ಬೇರೆ ಫೋರ್ಕ್ ಕೊಳ್ಳುವುದೇ ಲೇಸು ಅನ್ನಿಸುವುದುಂಟು.

ಸ್ಟೀಯರರಿನಲ್ಲಿ ಥ್ರೆಡ್ ಇರುವ ಹಳೆಯ ಸೈಕಲ್ಲಿಗೆ ದಾರಿ ಬೇರೆ. ಹೆಡ್‌ಸೆಟ್ಟನ್ನು ಮೇಲಿಂದ ಬಿಗಿಯುವ ಲಾಕ್‌ನಟ್ ಕೆಳಗಿನ ಲ್ಯಾಂಪ್ ಬ್ರಾಕೆಟ್ಟನ್ನೂ ಹೆಚ್ಚುವರಿ ವಾಷರನ್ನೂ ತೆಗೆದರೆ ಕೆಲವು ಮಿ.ಮೀ. ಬರುತ್ತದೆ, ಇಲ್ಲವೇ ಎತ್ತರ ಕಡಿಮೆಯಿರುವ ಹೆಡ್‌ಸೆಟ್ ಹಾಕಬೇಕು. ಇಂಚಿಗೆ 24 ಥ್ರೆಡ್, ಅಂದರೆ ಒಂದು ಸುತ್ತಿಗೆ ಸುಮಾರು 1.06 ಮಿ.ಮೀ.; ಲಾಕ್‌ನಟ್ ಒಂದೆರಡು ಸುತ್ತಿನಲ್ಲಿ ನಿಂತರೆ ಅದು ಹಿಡಿತವೇ ಅಲ್ಲ. ಹಳೆಯ ರ‍್ಯಾಲಿ ಸೈಕಲ್ಲುಗಳಲ್ಲಿ ಇಂಚಿಗೆ 26 ಥ್ರೆಡ್ ಇರುವುದರಿಂದ ನಟ್ ಅರ್ಧಕ್ಕೇ ಬಿಗಿದುಕೊಂಡರೆ ಬಲವಂತ ಮಾಡಬೇಡಿ.

ಜೋಡಿಸುವಾಗ ಸ್ಟಾರ್ ನಟ್ ಸ್ಟೀಯರರಿನ ಬಾಯಿಯಿಂದ 15 ಮಿ.ಮೀ. ಒಳಗಿರಲಿ. ಕಾರ್ಬನ್ ಸ್ಟೀಯರರಿಗೆ ಸ್ಟಾರ್ ನಟ್ ಹೊಡೆಯಲೇಬಾರದು, ಒಳಗೆ ಹಿಗ್ಗಿ ಹಿಡಿಯುವ ಎಕ್ಸ್‌ಪ್ಯಾಂಡರ್ ಪ್ಲಗ್ ಹಾಕಬೇಕು. ಟಾಪ್ ಕ್ಯಾಪನ್ನು ಅಲ್ಲಾಟ ಹೋಗುವವರೆಗೆ ಮಾತ್ರ ಬಿಗಿದು, ನಂತರ ಸ್ಟೆಮ್‌ನ ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ, ಸ್ಟೆಮ್ ಮೇಲೆ ಬರೆದಿರುವ ಟಾರ್ಕ್‌ಗೆ (ಹೆಚ್ಚಿನವುಗಳಲ್ಲಿ 5 ನ್ಯೂಟನ್ ಮೀಟರ್) ತನ್ನಿ. ಆಮೇಲೆ ಟಾಪ್ ಕ್ಯಾಪ್ ಬಿಚ್ಚಿ ಕ್ಯಾಲಿಪರಿನ ಆಳ ಅಳೆಯುವ ಕಡ್ಡಿಯನ್ನು ಒಳಗಿಳಿಸಿ: ಸ್ಟೆಮ್‌ನ ಅಂಚಿನಿಂದ ಟ್ಯೂಬಿನ ಅಂಚಿಗೆ 3 ಮಿ.ಮೀ. ಬರಬೇಕು. ಕ್ಯಾಪ್ ಹಾಕಿ, ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಜಾರಬಾರದು.