ಗುಲ್ಮದ ದಾರಿಯಲ್ಲಿ ಹೋಗಿ ಹೆಪ್ಪು ತೆಗೆದೆ

ಯಕೃತ್ತಿನ ಕಸಿಯಾದ ಆರನೆಯ ದಿನ, ಬೆಳಗ್ಗೆ ಮಾಡಿದ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ಕರುಳು ಮತ್ತು ಗುಲ್ಮದಿಂದ (ಸ್ಪ್ಲೀನ್) ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಸಿರೆ ಕಪ್ಪಗಿತ್ತು, ಹರಿವೇ ಇಲ್ಲ: ಹೆಪ್ಪು ಕಟ್ಟಿತ್ತು. ಹೊಟ್ಟೆ ತೆರೆಯೋಣ ಎಂದರು ಸರ್ಜನ್. ಹೊಟ್ಟೆ ತೆರೆಯದೆ ಸೂಜಿಯ ದಾರಿಯಲ್ಲೇ ತೆಗೆಯುತ್ತೇನೆ, ನನಗೆ ಸಂಜೆಯವರೆಗೆ ಸಮಯ ಕೊಡಿ ಎಂದಾಗ ನಕ್ಕರು. ನಗದೆ ಏನು ಮಾಡಿಯಾರು? ನನ್ನ ಹಿಂದಿನ ಎರಡು ಪ್ರಯತ್ನಗಳು ಅವರ ಕಣ್ಣೆದುರೇ ಮಣ್ಣುಪಾಲಾಗಿದ್ದವು.

ಮೊದಲನೆಯದರಲ್ಲಿ ಹೊಸ ಯಕೃತ್ತಿಗೇ ಸೂಜಿ ಹಾಕಿ, ಗಂಟೆಗೆ 1 ಮಿಲಿಗ್ರಾಂನಂತೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಬಿಟ್ಟಿದ್ದೆ. ಹೆಪ್ಪೇನೋ ಕರಗಿತು, ಅದರೊಂದಿಗೆ ಚುಚ್ಚಿದ ಜಾಗವೂ ಒಸರತೊಡಗಿತು. ನಾಲ್ಕೋ ಐದೋ ಬಾಟಲಿ ರಕ್ತ, ರಾತ್ರೋರಾತ್ರಿ ಮರುಶಸ್ತ್ರಚಿಕಿತ್ಸೆ. ಎರಡನೆಯದರಲ್ಲಿ ಹೆದರಿ ಔಷಧವನ್ನು ತೀರ ಇಳಿಸಿದೆ. ಎರಡು ದಿನ ಕಾದರೂ ಹೆಪ್ಪು ಕದಲಲಿಲ್ಲ.

ಈ ಸಲ ಗುಲ್ಮದ ಮೂಲಕ ಹೋದೆ. ದಾರಿ ನೇರ, ಹೊಸ ಅಂಗಕ್ಕೆ ಚುಚ್ಚು ಇಲ್ಲ. ಕರಗಿಸುವ ಬದಲು ಹೀರೋಣವೆಂದುಕೊಂಡೆ. ಹೀರುವ ಯಂತ್ರದ ಸಾಮಗ್ರಿ ಎರಡು ಲಕ್ಷ ದಾಟುತ್ತದೆ. ಕಸಿಗೆಂದೇ ತೋಟ ಮಾರಿದ್ದವರನ್ನು ಅದನ್ನೂ ಕೇಳಲು ಬಾಯಿ ಬರಲಿಲ್ಲ. 8 ಫ್ರೆಂಚ್ ಅಳತೆಯ ಗೈಡ್ ಕ್ಯಾತಿಟರ್ (ಸಿರೆಯೊಳಗೆ ತೂರಿಸುವ ತೆಳು ಕೊಳವೆ), 50 ಎಂಎಲ್ ಸಿರಿಂಜು: ಹದಿನೈದು ಸಾವಿರದೊಳಗೆ ಆಯಿತು. ಮೂರನೆಯ ಎಳೆತಕ್ಕೆ ಸಿರಿಂಜಿಗೆ ಏನೂ ಬರಲಿಲ್ಲ. ಹಿಡಿತ ಸಡಿಲಿಸದೆ ಕ್ಯಾತಿಟರನ್ನೇ ಹೊರಗೆಳೆದೆ. ತುದಿಗೆ ಕಿರುಬೆರಳುದ್ದದ ಕಡುಗೆಂಪು ಹೆಪ್ಪು ಕಚ್ಚಿಕೊಂಡಿತ್ತು. ತಂತಿಯನ್ನು ಹೆಪ್ಪಿನಾಚೆ ದಾಟಿಸುವಾಗ ತುದಿಯನ್ನು ಹೇಗೆ ಬಾಗಿಸುತ್ತೇನೆಂದು ಇಲ್ಲಿ ಬರೆಯಲಾರೆ. ಕ್ಯಾತ್‌ಲ್ಯಾಬಿಗೆ ಬಂದರೆ ತೋರಿಸುತ್ತೇನೆ.

ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್‌ನಿಂದ ಮೂತ್ರಪಿಂಡ ಮೊದಲೇ ಮುನಿಸಿಕೊಂಡಿದ್ದರಿಂದ ಸಿರೆ ಕಾಣಿಸಲು ಬಿಡುವ ಅಯೋಡಿನ್ ದ್ರಾವಣ ಬಿಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲೇ ಚಿತ್ರ ತೆಗೆದು ನೋಡಿದೆ. ಮಸುಕು ಎಂದು ತಂತ್ರಜ್ಞರು ಗೊಣಗಿದರು. ನನಗೆ ಬೇಕಿದ್ದುದು ಕಂಡಿತು: ಸಿರೆಗಳನ್ನು ಹೊಲಿದ ಜೋಡಣೆಯಲ್ಲಿ ಸೊಂಟದಂತೆ ಬಿಗಿತ. ಅದರ ಆಚೀಚಿನ ಒತ್ತಡದ ವ್ಯತ್ಯಾಸ 8 ಅಥವಾ 9 ಮಿ.ಮೀ. ಪಾದರಸ ಇದ್ದಿರಬೇಕು. ಆರು ದಿನದ ಹೊಲಿಗೆಯ ಮೇಲೆ ಬಲೂನು ಉಬ್ಬಿಸುವ ಧೈರ್ಯ ನನಗಿಲ್ಲ. ನೇರ ಸ್ಟೆಂಟ್ ಇಟ್ಟೆ, ವ್ಯತ್ಯಾಸ 2ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಹೊರೆಯಾದದ್ದು ಅದೊಂದೇ. ಗುಲ್ಮದ ದಾರಿಯನ್ನು ರಕ್ತ ಸೋರದಂತೆ ಕಾಯಿಲ್ (ಲೋಹದ ಸುರುಳಿ), ಅಂಟು ಹಾಕಿ ಮುಚ್ಚಿಕೊಂಡು ಬಂದೆ. ಇಡೀ ಕೆಲಸದಲ್ಲಿ ಕೈ ನಡುಗಿದ್ದು ಅಲ್ಲಿಯೇ.

ಮರುದಿನ ಸರ್ಜನ್ ತಾವೇ ಡಾಪ್ಲರ್ ಹಿಡಿದು ನೋಡಿದರು. ಏನೂ ಹೇಳಲಿಲ್ಲ, ಮುಂದಿನ ಕೇಸನ್ನು ಕೇಳದೆಯೇ ಕಳುಹಿಸಿದರು.

ಈಚೆಗೆ ಹತ್ತೋ ಹನ್ನೊಂದೋ ಆಗಿವೆ, ಎಂಟರಲ್ಲಿ ಸಿರೆ ತೆರೆದೇ ಇದೆ. ಇದೇ ಹುಮ್ಮಸ್ಸಿನಲ್ಲಿ ಯಕೃತ್ತಿನ ಧಮನಿಗೂ ಕೈಹಾಕಿ ಒಮ್ಮೆ ಸುಟ್ಟುಕೊಂಡೆ. 3 ಮಿಲಿಮೀಟರಿನ ಆ ಕೊಳವೆಗೆ ಹೃದಯದ ಸ್ಟೆಂಟ್ ಸರಿಹೊಂದುತ್ತದೆ ನಿಜ, ಆದರೆ ನಾನು ತಲುಪುವಷ್ಟರಲ್ಲಿ ಆ ಧಮನಿಯ ರಕ್ತವನ್ನೇ ನಂಬಿದ್ದ ಪಿತ್ತನಾಳ ಸತ್ತಿತ್ತು.