ಒಳಾಂಗ ಮಾಂಸದ ನಷ್ಟ: ಭಾರತವನ್ನು ಕಳೆದ ಮೇಲೆ ಕೂಡಿಬಂದ ಲೆಕ್ಕ

ಕಲಬುರಗಿಯಲ್ಲಿ ಯೋಜನಾ ವರದಿ ಬರೆಯುವ ನಮ್ಮಂಥವರಿಗೆ ಬೇಳೆ ಗಿರಣಿ, ಹೈನುಗಾರಿಕೆ, ಕುರಿ ಸಾಕಣೆ ಹೊಸದಲ್ಲ. ಆದರೆ ಮಟನ್ ಅಂಗಡಿಗಳಲ್ಲಿ ಉಳಿಯುವ ಒಳಾಂಗ (ಲಿವರ್, ಕಿಡ್ನಿ, ಹೊಟ್ಟೆಯಂಥವು) ಕೊಂಡು ನಾಯಿಗಳ ಆಹಾರ ಮಾಡುತ್ತೇನೆಂದು ಹೊರಟ ತರುಣನೊಬ್ಬನಿಗೆ ಬ್ಯಾಂಕಿನವರು ಬೇರೆಯೇ ಪ್ರಶ್ನೆ ಹಾಕಿದ್ದರು: ದೇಶದಲ್ಲಿ ಈ ಮಾಂಸ ಎಷ್ಟು ಹಾಳಾಗುತ್ತದೆ, ದಕ್ಷಿಣ ಏಷ್ಯಾದಲ್ಲಿ ನಾವು ಎಲ್ಲಿ ನಿಲ್ಲುತ್ತೇವೆ? ಹೈದರಾಬಾದಿನಲ್ಲಿ ಯಾರೋ ಇದಕ್ಕೆ ನಲವತ್ತು ಸಾವಿರದಷ್ಟು ಕೇಳಿದ್ದರಂತೆ. ನಾನು ಹನ್ನೆರಡಕ್ಕೆ ಒಪ್ಪಿ, ಮೂರು ಸಾವಿರ ಮುಂಗಡ ಪಡೆದೆ. “ಅದರಲ್ಲಿ ಹುರುಳಿಲ್ಲ, ಮುಂಗಡ ವಾಪಸು ಕೊಟ್ಟುಬಿಡು” ಎಂದು ಜೊತೆಗಾರರು ನಕ್ಕರು. ನಕ್ಕವರಲ್ಲಿ ಇಬ್ಬರು ಈಗ ನನ್ನ ಹಾಳೆಯ ನಕಲು ಕೇಳುತ್ತಿದ್ದಾರೆ.

ಎಫ್‌ಎಒದ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಆಹಾರ ಸಮತೋಲನ ಪಟ್ಟಿಯನ್ನು, ಅಂದರೆ ಪ್ರತಿ ದೇಶದ ಆಹಾರ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬ ಲೆಕ್ಕವನ್ನು, ಇಳಿಸಿಕೊಳ್ಳುವುದು ನಿಮಗೆಲ್ಲ ಗೊತ್ತು. ಇಡೀ ಕಡತ ತೆರೆದರೆ ನನ್ನ ಹಳೆಯ ಲ್ಯಾಪ್‌ಟಾಪ್ ಉಸಿರು ಬಿಡುತ್ತದೆ, ಎಂಟು ಜಿಬಿ ರ‍್ಯಾಮ್ ಹಾಕಿಸಲು ಮುಂಗಡದ ಮುಕ್ಕಾಲು ಪಾಲು ಹೋಯಿತು. ಅಲ್ಲಿ ಒಳಾಂಗ ಎರಡು ಕಡೆ ಕುಳಿತಿರುತ್ತದೆ: 2945 ಗುಂಪು, 2736 ಅದರೊಳಗಿನ ಸರಕು. ಎರಡನ್ನೂ ಕೂಡಿದರೆ ದೇಶದ ಕುರಿಗಳಿಗೆಲ್ಲ ಎರಡೆರಡು ಕಲೇಜಿ (ಲಿವರ್)! ಹಾಗೆಯೇ 5000ದಿಂದ ಮೇಲಿನ ಪ್ರದೇಶ ಸಂಖ್ಯೆಗಳು ದೇಶಗಳಲ್ಲ, ಮೊತ್ತಗಳು. ಇವು ಸಣ್ಣ ತೊಡಕುಗಳು.

ದೊಡ್ಡ ತೊಡಕು ನಂತರ ಬಂತು. ಟನ್ ಲೆಕ್ಕದಲ್ಲಿ ಹೋಲಿಸಿದರೆ ಪ್ರಯೋಜನವಿಲ್ಲ, ಭಾರತ ದೊಡ್ಡದು, ನಷ್ಟವೂ ದೊಡ್ಡದು. ಶೇಕಡಾವಾರು ತೆಗೆದರೆ ಭಾರತದ ಗೆರೆ, ದಕ್ಷಿಣ ಏಷ್ಯಾ ಪ್ರದೇಶದ ಗೆರೆ ಒಂದಕ್ಕೊಂದು ಅಂಟಿಕೊಂಡು ಓಡಿದವು. “ನೋಡಿ, ವ್ಯತ್ಯಾಸವೇ ಇಲ್ಲ” ಎಂದು ಬರೆದುಕೊಟ್ಟು ಹಣ ಎಣಿಸಬಹುದಿತ್ತು. ಆದರೆ ಪ್ರದೇಶದ ಮೊತ್ತದೊಳಗೆ ಭಾರತವೇ ಕುಳಿತಿದೆ. ಓಣಿಯ ಸಾಹುಕಾರನ ಆದಾಯವನ್ನೂ ಸೇರಿಸಿ ಸರಾಸರಿ ತೆಗೆದು, ಸಾಹುಕಾರ ಓಣಿಗೆ ಸರಿಸಮ ಎಂದಂತೆ ಅದು. ಪ್ರದೇಶದ ನಷ್ಟದಿಂದ ಭಾರತದ ನಷ್ಟವನ್ನು, ಪ್ರದೇಶದ ಒಟ್ಟು ಮಾಂಸದ ಟನ್‌ಗಳಿಂದ ಭಾರತದ ಟನ್‌ಗಳನ್ನು ಬೇರೆಬೇರೆಯಾಗಿ ಕಳೆದು, ಆಮೇಲೆ ಭಾಗಿಸಬೇಕು. ಶೇಕಡಾಗಳನ್ನೇ ಒಂದರಿಂದೊಂದು ಕಳೆಯಬಾರದು. ಹೀಗೆ ಮಾಡಿದ ಮೇಲೆಯೇ ಗೆರೆಗಳು ಬೇರ್ಪಟ್ಟವು.

ಉಳಿದ ದೇಶಗಳು ಎಂಟು. ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ನೆನಪಿನಲ್ಲಿ ಏಳೆಂದು ಎಣಿಸಬೇಡಿ, ಎಫ್‌ಎಒ ಪಟ್ಟಿಯಲ್ಲಿ ಇರಾನ್ ಕೂಡ ದಕ್ಷಿಣ ಏಷ್ಯಾದಲ್ಲೇ ಇದೆ. ಪಾಕಿಸ್ತಾನ, ಇರಾನ್, ಬಾಂಗ್ಲಾದೇಶ ಲೆಕ್ಕವನ್ನು ಎಳೆಯುತ್ತವೆ. ಅಂಕಿಗಳು ಸಾವಿರ ಟನ್‌ಗಳಲ್ಲಿರುವುದರಿಂದ ಮಾಲ್ಡೀವ್ಸ್‌ನಂಥ ಪುಟ್ಟ ದೇಶ ಸೊನ್ನೆಯಲ್ಲೇ ಮುಳುಗುತ್ತದೆ. ಅಂಥ ಕಡೆ ಅದೇ ಸಂಸ್ಥೆಯ ಪೂರೈಕೆ–ಬಳಕೆ ಲೆಕ್ಕದ ಕಡತಕ್ಕೆ ಇಳಿಯಿರಿ. ಅಲ್ಲಿ ಟನ್‌ಗಳಲ್ಲಿ, ಎಮ್ಮೆ, ಕುರಿ, ಮೇಕೆ ಬೇರೆಬೇರೆಯಾಗಿ ಸಿಗುತ್ತವೆ. ಭಾಜಕಕ್ಕೆ ಉತ್ಪಾದನೆ ಮತ್ತು ಆಮದನ್ನು ಹಿಡಿಯಿರಿ. ದೇಶೀಯ ಪೂರೈಕೆಯನ್ನು ಹಿಡಿದರೆ ರಫ್ತು ಕಳೆದುಹೋಗಿ, ಮಾಂಸ ರಫ್ತು ಮಾಡುವ ನಮ್ಮಂಥ ದೇಶದ ನಷ್ಟ ಸುಮ್ಮನೆ ಉಬ್ಬುತ್ತದೆ. ಸಮತೋಲನ ಪಟ್ಟಿಯ 2013ಕ್ಕೆ ನಿಂತ ಹಳೆಯ ಸರಣಿಯನ್ನು 2010ರಿಂದ ಶುರುವಾಗುವ ಹೊಸದಕ್ಕೆ ಹೊಲಿಯಲು ಹೋಗಬೇಡಿ, ವಿಧಾನವೇ ಬದಲಾಗಿದೆ. ನಷ್ಟದ ಕಾಲಂ ಖಾಲಿಯಿರುವ ದೇಶವನ್ನು ನಾನು ಹೇಗೆ ಸಂಭಾಳಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಹತ್ತಿತು. ಈ ಅಂಕಿಗಳಲ್ಲಿ ಬಹುಪಾಲು ಅಂದಾಜು, ಪ್ರತಿ ಅಂಕಿಯ ಪಕ್ಕದ ಗುರುತಿನ ಅಕ್ಷರ ನೋಡಿದರೆ ತಿಳಿಯುತ್ತದೆ. ನಿಜವಾದ ತೂಕ ನೋಡೋಣವೆಂದು ಶಹಾಬಜಾರಿನ ಪರಿಚಯದ ಅಂಗಡಿಗೆ ತಕ್ಕಡಿ ಹೊತ್ತುಕೊಂಡು ಹೋದೆ. ಇಪ್ಪತ್ತೈದು ಕಿಲೋ ಆಸುಪಾಸಿನ ಹೋತ. ಕಲೇಜಿ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ, ಗುರ್ದೆ (ಕಿಡ್ನಿ) ಜೋಡಿ ನೂರು ಗ್ರಾಂ ಒಳಗೆ. ತುಂಬಿದ ಹೊಟ್ಟೆ ನಾಲ್ಕು ಕಿಲೋ ದಾಟಿತು, ಹಸಿರು ಮೇವು ಕೊಡವಿ, ಸುಣ್ಣ ಹಚ್ಚಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದ ಮೇಲೆ ಉಳಿದ ಬೋಟಿ (ತಿನ್ನುವ ಹೊಟ್ಟೆಯ ಭಾಗ) ಒಂದು ಕಿಲೋ ಇರಲಿಲ್ಲ. ಈ ಮೂರು ಕಿಲೋ ನಷ್ಟವಲ್ಲ, ತಿನ್ನುವ ವಸ್ತುವೇ ಅಲ್ಲ. ತೊಳೆಯುವ ಮೊದಲಿನ ತೂಕ ಹಿಡಿದು ವರದಿ ಬರೆಯುವವರು ಇಲ್ಲೇ ಜಾರುತ್ತಾರೆ. “ಸಾಹೇಬರೇ, ಕಲೇಜಿ ಯಾವತ್ತೂ ಉಳಿಯುವುದಿಲ್ಲ. ಉಳಿಯುವುದು ಫೇಫಡಾ (ಶ್ವಾಸಕೋಶ), ತಿಲ್ಲಿ (ಗುಲ್ಮ). ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಅದನ್ನು ಬೆಕ್ಕೂ ಮೂಸುವುದಿಲ್ಲ” ಎಂದರು ಅಂಗಡಿಯ ಚಾಚಾ. ನಲವತ್ತೆರಡು ಡಿಗ್ರಿಯ ಊರಿನಲ್ಲಿ ಐಸ್ ಕೊಳ್ಳುವ ದುಡ್ಡಿಗೆ ಫೇಫಡಾದ ಬೆಲೆಯೇ ಸಾಲದು. ತೂಗಿದ್ದಕ್ಕೆ ಅವರು ಹಣ ಕೇಳಲಿಲ್ಲ, ಆದರೆ ಬೋಟಿಯಷ್ಟನ್ನೂ ನನ್ನ ತಲೆಗೆ ಕಟ್ಟಿದರು. ಜೋಳದ ರೊಟ್ಟಿಯೊಂದಿಗೆ ಮುಗಿಯಿತು.

ಈ ತೂಕವನ್ನು ದೇಶದ ಅಂಕಿಯೊಂದಿಗೆ ಬೆರೆಸಲಿಲ್ಲ, ವರದಿಗೆ ಪ್ರತ್ಯೇಕ ಪುಟವಾಗಿ ಹಾಕಿದೆ. ಹೋಲಿಕೆಯಲ್ಲಿ ದಶಮಾಂಶ ಕಿತ್ತುಹಾಕಿ, ಕೆಳಮಿತಿ ಮತ್ತು ಮೇಲ್ಮಿತಿ ಮಾತ್ರ ಕೊಟ್ಟೆ. ಬ್ಯಾಂಕಿನವರು ಹೆಚ್ಚು ಹೊತ್ತು ನೋಡಿದ್ದು ಅಂಗಡಿಯ ಪುಟವನ್ನೇ. ಸಾಲ ಮಂಜೂರಾಯಿತು. ನನಗೆ ಬರಬೇಕಾದ ಒಂಬತ್ತರಲ್ಲಿ ಎರಡು ಸಾವಿರ ಇನ್ನೂ ಬಾಕಿಯಿದೆ. ಯಾದಗಿರಿಯವರೊಬ್ಬರು ಕೋಳಿಯ ಒಳಾಂಗಕ್ಕೆ ಇಂಥದ್ದೇ ವರದಿ ಕೇಳಿದ್ದಾರೆ, ಹದಿನೆಂಟಕ್ಕೆ ಕಡಿಮೆ ಆಗದು ಎಂದಿದ್ದೇನೆ.