ಸೊಲ್ಲಾಪುರದ ಒಂದು ಪೇಟೆಯಲ್ಲಿ ನೂರು ವರ್ಷ ಹಿಂದಿನ ರೋಗದ ಜಾಡು ಹಿಡಿಯುವ ಬಗೆ

ಪ್ಲೇಗು, ಕಾಲರಾ ಮತ್ತು 1918ರ ಇನ್‌ಫ್ಲುಯೆಂಜಾ ಸೊಲ್ಲಾಪುರದಲ್ಲಿ ಹೇಗೆ ಹರಡಿದವೆಂದು ತಿಳಿಯಬಯಸುವವರು ಇಡೀ ಊರನ್ನು ಎತ್ತಿಕೊಳ್ಳದೆ, ಮಂಗಳವಾರ ಪೇಟೆಯಂಥ ಒಂದೇ ಪೇಟೆಯನ್ನೂ 1911ರಿಂದ 1920ರವರೆಗಿನ ಹತ್ತು ವರ್ಷಗಳನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ಮುಖ್ಯ ಆಧಾರವೆಂದರೆ ಪುರಸಭೆಯ ಮರಣ ನೋಂದಣಿ ಪುಸ್ತಕ. ಆ ಕಾಲದ ಮರಾಠಿ ಕೈಬರಹ ಬಹುಪಾಲು ಮೋಡಿ ಲಿಪಿಯಲ್ಲಿರುವುದರಿಂದ, ದೇವನಾಗರಿ ಬಲ್ಲ ಕನ್ನಡಿಗರೂ ಮೋಡಿ ಓದಬಲ್ಲ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಬೇಕಾಗುತ್ತದೆ.

ನಕಲು ಮಾಡುವಾಗ ಒಂದು ಸಾವಿಗೆ ಒಂದು ಸಾಲು ಮೀಸಲಿಡಿ. ಸತ್ತ ದಿನ, ನೋಂದಣಿಯಾದ ದಿನ, ವಯಸ್ಸು, ಲಿಂಗ, ವಿಳಾಸ, ಬರೆದ ಕಾರಣ ಇವೆಲ್ಲ ಬೇರೆ ಬೇರೆ ಕಾಲಮ್ಮುಗಳಲ್ಲಿರಲಿ. ಕಾರಣವನ್ನು ಪುಸ್ತಕದಲ್ಲಿದ್ದಂತೆಯೇ ಬರೆದುಕೊಂಡು, ನಿಮ್ಮ ಊಹೆಗೆ ಪ್ರತ್ಯೇಕ ಕಾಲಮ್ಮು ಇಟ್ಟುಕೊಳ್ಳಿ. ಎರಡನ್ನೂ ಬೆರೆಸಿದರೆ ಮುಂದೆ ಬಿಡಿಸಲು ಬರುವುದಿಲ್ಲ. ಸತ್ತ ದಿನಕ್ಕೂ ನೋಂದಣಿಯ ದಿನಕ್ಕೂ ಅಂತರ ಹೆಚ್ಚುತ್ತಿದ್ದರೆ, ಅಥವಾ ಒಂದೇ ದಿನ ಹತ್ತಾರು ಸಾವುಗಳು ಒಟ್ಟಿಗೆ ದಾಖಲಾಗಿದ್ದರೆ, ಬರೆಯುವವರ ಕೈ ಸೋತ ವಾರವದು ಎಂದು ತಿಳಿಯಬಹುದು. ಅಂಥ ವಾರಗಳಿಗೆ ಸ್ಮಶಾನ, ರುದ್ರಭೂಮಿ, ಕಬರಸ್ತಾನಗಳ ಪುಸ್ತಕಗಳು ಸಿಕ್ಕರೆ ತಾಳೆ ನೋಡಬೇಕು.

ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ನಂಬಬೇಕಾದದ್ದು ಕಾರಣದ ಕಾಲಮ್ಮನ್ನು. ವೈದ್ಯರು ನೋಡದೆಯೇ ಸತ್ತವರ ಕಾರಣವನ್ನು ಮನೆಯವರ ಮಾತಿನ ಮೇಲೆ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಜ್ವರ ಎಂಬ ಒಂದು ಶೀರ್ಷಿಕೆಯಡಿ ಮಲೇರಿಯಾ, ವಿಷಮಶೀತಜ್ವರ, ನ್ಯುಮೋನಿಯಾ ಎಲ್ಲವೂ ಸೇರಿಹೋಗುತ್ತಿದ್ದವು. 1918ರ ಇನ್‌ಫ್ಲುಯೆಂಜಾದ ಸಾವುಗಳಲ್ಲಿ ದೊಡ್ಡ ಪಾಲು ಇರುವುದೂ ಅಲ್ಲಿಯೇ. ಆದ್ದರಿಂದ ರೋಗದ ಹೆಸರನ್ನು ಎಣಿಸದೆ, ಮಾಮೂಲಿಗಿಂತ ಹೆಚ್ಚಾದ ಸಾವುಗಳನ್ನು ಎಣಿಸಬೇಕು. ಉದಾಹರಣೆಗೆ, ಹಿಂದಿನ ಐದು ವರ್ಷಗಳ ಅಕ್ಟೋಬರಿನಲ್ಲಿ 14, 17, 15, 41, 16 ಸಾವುಗಳಿದ್ದವೆಂದು ಭಾವಿಸೋಣ. ಸರಾಸರಿ 20.6 ಬರುತ್ತದೆ; ಆದರೆ ಆ 41 ಪ್ಲೇಗಿನ ವರ್ಷದ್ದಾಗಿದ್ದರೆ ಸರಾಸರಿಯೇ ದಾರಿ ತಪ್ಪಿಸುತ್ತದೆ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನ 16ನ್ನು ಮಾಮೂಲಿ ಎಂದು ಹಿಡಿಯುವುದು ಹೆಚ್ಚು ಸುರಕ್ಷಿತ.

ಹೆಚ್ಚಾದ ಸಾವು ಯಾವ ರೋಗದ್ದೆಂಬುದನ್ನು ದಿನಾಂಕ, ವಿಳಾಸ, ವಯಸ್ಸು ಈ ಮೂರರಿಂದ ಗುರುತಿಸಬಹುದು. ಇಲಿಗಳು ಸತ್ತ ಮೇಲೆ ಅವುಗಳ ಚಿಗಟಗಳು ಮನುಷ್ಯರನ್ನು ಕಚ್ಚುವುದರಿಂದ ಪ್ಲೇಗು ಬರುತ್ತದೆಂಬ ವಾದವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಮುಂದಿಟ್ಟರು. 1905ರಲ್ಲಿ ನೇಮಕಗೊಂಡ ಪ್ಲೇಗು ಸಂಶೋಧನಾ ತಂಡವು ಮುಂಬಯಿಯಲ್ಲಿ ಅದನ್ನು ದೃಢಪಡಿಸಿತು. ಇಲಿಯ ಮೇಲೆ ಅವಲಂಬಿಸಿದ ಈ ಬೇನೆ ಮನೆಯಿಂದ ಮನೆಗೆ, ಓಣಿಯಿಂದ ಓಣಿಗೆ ವಾರಗಟ್ಟಲೆ ತೆವಳುತ್ತದೆ. ದಖ್ಖನ್ನಿನಲ್ಲಿ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಏರಿ, ಬಿಸಿಲು ಬಲಿತಂತೆ ಇಳಿಯುತ್ತದೆ. 1918ರ ಇನ್‌ಫ್ಲುಯೆಂಜಾದ ಎರಡನೆಯ ಅಲೆಯಾದರೋ ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಪೇಟೆಯ ಎಲ್ಲ ಮೂಲೆಗಳನ್ನೂ ಬಹುತೇಕ ಒಟ್ಟಿಗೆ ಮುಟ್ಟಿ, 20ರಿಂದ 40ರ ಪ್ರಾಯದವರನ್ನು ವಿಶೇಷವಾಗಿ ಕೊಂದಿತು. ವಯಸ್ಸನ್ನು ಅಂದಾಜಿನಿಂದ ಹೇಳುತ್ತಿದ್ದರಾದ್ದರಿಂದ 20, 30, 40ರಲ್ಲಿ ಸಾವುಗಳು ಗುಡ್ಡೆ ಬಿದ್ದಿರುತ್ತವೆ. 25–34, 35–44 ಎಂಬಂತೆ ಹತ್ತು ವರ್ಷಗಳ ಗುಂಪು ಮಾಡಿದರೆ ಈ ದೋಷ ಸ್ವಲ್ಪ ತಗ್ಗುತ್ತದೆ. ಕಾಲರಾಕ್ಕೆ ನೀರಿನ ಮೂಲವನ್ನೂ, ಆಷಾಢದ ಪಂಢರಪುರ ವಾರಿಯ, ಅಂದರೆ ಕಾಲ್ನಡಿಗೆ ಯಾತ್ರೆಯ, ದಿನಗಳನ್ನೂ ಜೊತೆಗಿಟ್ಟು ನೋಡಿ.

ಜನಸಂಖ್ಯೆಗೆ ಸಾವಿನ ಪ್ರಮಾಣ ಲೆಕ್ಕ ಹಾಕುವಾಗ ಎಚ್ಚರ ಬೇಕು. 1901ರ ಮಾರ್ಚ್ 1ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 75,288. ಆದರೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರಾದ್ದರಿಂದ, ಸಾವು ಕಡಿಮೆಯಾದದ್ದು ರೋಗ ಇಳಿದುದರಿಂದಲೋ ಪೇಟೆ ಖಾಲಿಯಾದುದರಿಂದಲೋ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ಗಿರಣಿ ಕೆಲಸಕ್ಕೆ ಬಂದವರು ಕಾಯಿಲೆ ಬಿದ್ದೊಡನೆ ತಮ್ಮ ಹಳ್ಳಿಗೆ ಮರಳಿದ್ದರೆ ಆ ಸಾವು ಪುರಸಭೆಯ ಪುಸ್ತಕದಲ್ಲಿ ಇರುವುದಿಲ್ಲ. ಸೊಲ್ಲಾಪುರ ಆಗ ಬ್ರಿಟಿಷರ ಆಡಳಿತದಲ್ಲಿತ್ತು; ಅಕ್ಕಲಕೋಟೆ ಬೇರೆ ಸಂಸ್ಥಾನ; ಅದರಾಚೆ ನಿಜಾಮರ ಸೀಮೆ. ನಮ್ಮ ಗಡಿಭಾಗದ ಕನ್ನಡಿಗರ ಸಾವುಗಳನ್ನು ಹುಡುಕಲು ಹೀಗೆ ಮೂರು ಆಡಳಿತಗಳ ಕಾಗದಗಳ ಕಡೆಗೆ ಹೋಗಬೇಕಾಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಶ್ರಮಕ್ಕೆ ತಕ್ಕ ಫಲ ಸಿಗುವುದು ಇಲ್ಲಿಯೇ.

ಕೊನೆಗೆ ಹಳೆಯ ಸಿಟಿ ಸರ್ವೆ ನಕಾಶೆಯ ಮೇಲೆ ಪಾರದರ್ಶಕ ಹಾಳೆಗಳನ್ನಿಟ್ಟು, ವಾರಕ್ಕೊಂದು ಹಾಳೆಯಂತೆ ಸಾವುಗಳನ್ನು ಚುಕ್ಕೆಗಳಾಗಿ ಗುರುತಿಸಿ. ಮನೆ ನಂಬರುಗಳು ಮಧ್ಯೆ ಬದಲಾಗಿದ್ದರೆ ಓಣಿಯ ಮಟ್ಟಕ್ಕೇ ನಿಲ್ಲಿಸುವುದು ಲೇಸು. ಪ್ರಕಟಿಸುವ ನಕಾಶೆಯಲ್ಲಿ ಹೆಸರು, ಜಾತಿ ಬೇಡ. ವಿಳಾಸ ಸಿಗದ ಸಾವುಗಳನ್ನು ಊಹಿಸಿ ಎಲ್ಲಿಯೋ ಕೂರಿಸದೆ, ಅವು ಎಷ್ಟೆಂಬುದನ್ನು ಪ್ರತಿ ಹಾಳೆಯ ಅಂಚಿನಲ್ಲಿ ಬರೆದಿಡಿ.